ತೆಲ್ ರೆಹೋವ್‌ನ ಜೇನುಗೂಡುಗಳು ಬೈಬಲಿನ ಮಾತಿಗೆ ಪುರಾವೆಯೇ?

ಪ್ರಶ್ನೆ:
ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಅಮಿಹಾಯ್ ಮಜಾರ್ ಅವರ ನೇತೃತ್ವದಲ್ಲಿ 1997ರಿಂದ 2012ರವರೆಗೆ ಇಸ್ರೇಲಿನ ಪುರಾತನ ನಗರದ ದಿಬ್ಬವಾದ ತೆಲ್ ರೆಹೋವ್‌ನಲ್ಲಿ ನಡೆದ ಉತ್ಖನನದಲ್ಲಿ ಸಿಕ್ಕ ಜೇನುಗೂಡುಗಳನ್ನು, ‘ಹಾಲೂ ಜೇನೂ ಹರಿಯುವ ನಾಡು’ ಎಂಬ ಬೈಬಲಿನ ಮಾತಿಗೆ ಪುರಾವೆಯೆಂದು ಸೆಮಿನಾರ್ ಪ್ರಬಂಧದಲ್ಲಿ ಬರೆಯಬಹುದೇ?

ಉತ್ತರ 1:
ದಯವಿಟ್ಟು ಹಾಗೆ ಬರೆಯಬೇಡಿ. ಆ ಮಾತಿನಲ್ಲಿರುವ ‘ಜೇನು’ ಖರ್ಜೂರದ ಪಾಕವೆಂದೇ ಅನೇಕ ವಿದ್ವಾಂಸರ ಅಭಿಪ್ರಾಯ. ಜೇನು ಸಾಕಣೆಯ ಪ್ರಸ್ತಾಪ ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಸಿಕ್ಕಿರುವುದು ಹುಲ್ಲು ಬೆರೆಸಿದ ಹಸಿಮಣ್ಣಿನ, ಸುಮಾರು 80 ಸೆಂಟಿಮೀಟರ್ ಉದ್ದದ ಕೊಳವೆಗಳು: ಒಂದು ತುದಿಯಲ್ಲಿ ಹುಳು ಓಡಾಡಲು ಸಣ್ಣ ತೂತು, ಇನ್ನೊಂದು ತುದಿಯಲ್ಲಿ ಜೇನುತುಪ್ಪ ತೆಗೆಯಲು ಮುಚ್ಚಳ. ಅದಕ್ಕಿಂತ ಸ್ವಾರಸ್ಯವೆಂದರೆ, ಒಳಗೆ ಕರಕಲಾಗಿ ಉಳಿದಿದ್ದ ಜೇನುಹುಳುಗಳು ಸ್ಥಳೀಯ ತಳಿಗಿಂತ ಅನಟೋಲಿಯದ, ಅಂದರೆ ಇಂದಿನ ಟರ್ಕಿಯ, ತಳಿಯನ್ನು ಹೆಚ್ಚು ಹೋಲುತ್ತವೆ; ಅಂದರೆ ಅವನ್ನು ಅಲ್ಲಿಂದ ಆಮದು ಮಾಡಿಕೊಂಡಿರಬಹುದು. ಪ್ರಬಂಧದ ತಿರುಳು ಇದೇ ಆಗಲಿ.

ಉತ್ತರ 2:
ಕಾಲನಿರ್ಣಯವನ್ನೂ ಕೈಬಿಡಬೇಡಿ. ಕ್ರಿ.ಪೂ. 10ನೇ ಶತಮಾನಕ್ಕೆ ಸೇರಿದವೆನ್ನಲಾದ ಹಲವು ಉತ್ಖನನ ಸ್ತರಗಳನ್ನು (ಮಣ್ಣಿನ ಪದರಗಳನ್ನು) ಟೆಲ್ ಅವಿವ್ ವಿಶ್ವವಿದ್ಯಾಲಯದ ಇಸ್ರೇಲ್ ಫಿಂಕೆಲ್‌ಸ್ಟೈನ್ 9ನೇ ಶತಮಾನಕ್ಕೆ ಇಳಿಸಿದ್ದಾರೆ; 10ನೇ ಶತಮಾನದವನೆನ್ನಲಾದ ಬೈಬಲಿನ ರಾಜ ಸೊಲೊಮೋನನ ವೈಭವದ ಚರ್ಚೆಯೆಲ್ಲ ಈ ಕೆಲವು ದಶಕಗಳ ಅಂತರದ ಮೇಲೆಯೇ ನಿಂತಿದೆ. ಸುಟ್ಟ ಧಾನ್ಯದ ವಯಸ್ಸು ಅಳೆಯುವ ರೇಡಿಯೋಕಾರ್ಬನ್ ಪರೀಕ್ಷೆಯೂ ಜಗಳವನ್ನು ಪೂರ್ತಿ ಬಗೆಹರಿಸಿಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಶೀರ್ಷಿಕೆಯಿಂದ ‘ಪುರಾವೆ’ ಎಂಬ ಪದವನ್ನು ತೆಗೆದು, ಜೇನುಹುಳುಗಳ ಆಮದಿನಿಂದಲೇ ಆರಂಭಿಸುತ್ತೇನೆ.