ಕಥೆಯ ಪಾತ್ರಗಳಿಗೆ ಮನಃಶಾಸ್ತ್ರ ಹಚ್ಚಿ ಪಾಠ ಮಾಡಿದವರು ಇದ್ದೀರಾ? ಅನುಭವ ಹೇಳಿ

ಹೊಸಪಾಠ:
ನಮಸ್ಕಾರ. ಡಿಗ್ರಿ ಕಾಲೇಜಿನಲ್ಲಿ ಕನ್ನಡ ಹೇಳುತ್ತೇನೆ, ಇದು ಎರಡನೇ ವರ್ಷ. ಈ ಸೆಮಿಸ್ಟರ್‌ನಲ್ಲಿ ಜನ್ನನ ಯಶೋಧರ ಚರಿತೆಯ ಭಾಗ ಇದೆ, ತ್ರಿವೇಣಿಯವರ ಶರಪಂಜರ ಇದೆ. ತರಗತಿಯಲ್ಲಿ 54 ಜನ, ಜಾಸ್ತಿ ಮಂದಿ ಹಳ್ಳಿಯಿಂದ ಬಸ್ಸಿನಲ್ಲಿ ಬರುವವರು. ಪಾಠ ಅಂದರೆ ನೋಟ್ಸ್ ಬರೆದುಕೊಳ್ಳುವುದು ಅಂತಲೇ ತಿಳಿದಿದ್ದಾರೆ. ನಾನು ಬಿಎಯಲ್ಲಿ ಮನಃಶಾಸ್ತ್ರ ಓದಿದ್ದೆ. ಗುಂಪಿಗೊಂದು ಪಾತ್ರ ಕೊಟ್ಟು, ಆಸ್ಪತ್ರೆಯ ಕೇಸ್ ಶೀಟ್ ಥರ ಬರೆಸೋಣ ಅಂತ ಯೋಚನೆ. ಲಕ್ಷಣ ಏನು, ಕಾರಣ ಏನು, ಕಾಯಿಲೆ ಯಾವುದು, ಹೀಗೆ. ಮಾಡಿದವರು ಹೇಳಿ. ಆರು ಪೀರಿಯಡ್ ಸಾಕಾ? ಮಾರ್ಕ್ಸ್ ಹೇಗೆ ಕೊಡೋದು?

ತುಂಗಾತೀರ:
ಮಾಡಬೇಡಿ. ನಾನು ಮಾಡಿದ್ದೆ. 2018, ಇದೇ ಶರಪಂಜರ, ಇದೇ ಕೇಸ್ ಶೀಟ್.

ಲೈಬ್ರರಿಯಲ್ಲಿ ಇದ್ದದ್ದು ಎರಡೇ ಪ್ರತಿ, ಒಂದಕ್ಕೆ ಕೊನೆಯ ಪುಟಗಳೇ ಇರಲಿಲ್ಲ. 12 ಪ್ರತಿ ನನ್ನ ಜೇಬಿನಿಂದ ತರಿಸಿದೆ, 1,380 ರೂಪಾಯಿ. ಶೀಟ್ ನಾಲ್ಕು ಪುಟ, 61 ಮಕ್ಕಳು, ಜೆರಾಕ್ಸ್‌ಗೆ 244. ರಸೀದಿ ಇಟ್ಟುಕೊಂಡಿದ್ದೆ, ಕಾಲೇಜು ಕೊಡುತ್ತದೆ ಅಂತ. ಕೊಡಲಿಲ್ಲ. ಒಂಬತ್ತು ಗುಂಪು. ಮೊದಲ ಪೀರಿಯಡ್‌ನಲ್ಲಿ ಒಬ್ಬ ಹುಡುಗ ಮೊಬೈಲ್ ತೆಗೆದು ಲಕ್ಷಣಗಳನ್ನೆಲ್ಲ ಹಾಕಿ ಇಪ್ಪತ್ತು ನಿಮಿಷದಲ್ಲಿ ಕಾಯಿಲೆಯ ಇಂಗ್ಲಿಷ್ ಹೆಸರು ಹುಡುಕಿಬಿಟ್ಟ. ಒಂಬತ್ತೂ ಗುಂಪು ಅದನ್ನೇ ಬರೆದವು. ಅಲ್ಲಿಗೆ ಕಾದಂಬರಿ ಮುಗಿಯಿತು. ನಾಯಕಿ ಕಾವೇರಿ ಯಾರು, ಅವಳ ಸಂಕಟ ಏನು, ಯಾರಿಗೂ ಬೇಡವಾಯಿತು. ಉತ್ತರ ಸಿಕ್ಕಿತಲ್ಲ.

ಅದಾದರೂ ಹೋಗಲಿ. ಅದೇ ತರಗತಿಯಲ್ಲಿ ಒಬ್ಬ ಹುಡುಗಿಯ ತಾಯಿ ಮಾನಸಿಕ ಚಿಕಿತ್ಸೆಯಲ್ಲಿದ್ದರು. ನನಗೆ ಗೊತ್ತಿರಲಿಲ್ಲ. ಅವಳ ಊರಿನ ಇಬ್ಬರಿಗೆ ಗೊತ್ತಿತ್ತು. ಮೂರನೇ ದಿನಕ್ಕೆ ಆ ಮಗುವನ್ನು "ಕಾವೇರಿ ಮಗಳು" ಅಂತ ಕರೆಯೋಕೆ ಶುರು ಮಾಡಿದರು. ಹನ್ನೊಂದು ದಿನ ಅವಳು ಕಾಲೇಜಿಗೆ ಬರಲಿಲ್ಲ. ನನಗೆ ಮೆಮೊ ಬಂತು, ಮೂರು ದಿನದಲ್ಲಿ ಉತ್ತರ ಕೊಡಿ ಅಂತ. ಮೆಮೊ ಬಗ್ಗೆ ನನಗೆ ಬೇಜಾರಿಲ್ಲ. ಆ ಹನ್ನೊಂದು ದಿನದ ಹಾಜರಿ ಪುಸ್ತಕ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ಕೆಂಪುಶಾಯಿ:
ತುಂಗಾತೀರ ಅವರೇ, ನಿಮಗಾದ ನೋವು ಅರ್ಥವಾಗುತ್ತದೆ. ಆದರೆ "ಮಾಡಬೇಡಿ" ಅನ್ನೋದನ್ನ ನಾನು ಒಪ್ಪಲ್ಲ. ಕಾಯಿಲೆ ಹುಡುಕಿ ಅಂತ ಕೊಟ್ಟಿದ್ದು ತಪ್ಪು. ಮನಃಶಾಸ್ತ್ರ ಏನು ತಪ್ಪು ಮಾಡಿತು?

ನಾನು ಪಿಯುನಲ್ಲಿ ಹದಿನಾರು ವರ್ಷದಿಂದ ಇದ್ದೇನೆ. ರನ್ನನ ಗದಾಯುದ್ಧ ತೆಗೆದುಕೊಂಡೆ. ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ಹೆಣಗಳ ನಡುವೆ ನಡೆದು ಹೋಗುವ ಭಾಗ. ಒಂದೊಂದು ಹೆಣದ ಮುಂದೆ ನಿಲ್ಲುತ್ತಾನಲ್ಲ, ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ. ಕಪ್ಪು ಹಲಗೆ ಮೇಲೆ ಹೆಣಗಳ ಸಾಲು ಬರೆದು, ಪ್ರತಿ ಹೆಣದ ಮುಂದೆ ಅವನು ಏನು ಮಾಡಿದ, ಏನು ಅಂದ, ಯಾರ ಮೇಲೆ ಸಿಟ್ಟು ಮಾಡಿಕೊಂಡ ಅಂತ ಮಕ್ಕಳಿಂದಲೇ ಬರೆಸಿದೆ. ಆಮೇಲೆ ದುಃಖದ ಐದು ಹಂತಗಳನ್ನು ಹೇಳಿಕೊಟ್ಟೆ. ನಿರಾಕರಣೆ, ಸಿಟ್ಟು, ಚೌಕಾಸಿ, ಕುಗ್ಗುವುದು, ಒಪ್ಪಿಕೊಳ್ಳುವುದು. ಎಂಟು ಪೀರಿಯಡ್ ಹಿಡಿಯಿತು, ಆರು ಸಾಕಾಗಲ್ಲ. ಪೋರ್ಷನ್ ಹಿಂದೆ ಬಿತ್ತು. ನಾಲ್ಕು ಶನಿವಾರ ಮಧ್ಯಾಹ್ನ ಎರಡು ಗಂಟೆವರೆಗೆ ಸ್ಪೆಷಲ್ ಕ್ಲಾಸ್ ತೆಗೆದುಕೊಂಡೆ, ಮನೆಯಲ್ಲಿ ಮಗಳಿಗೆ ಜ್ವರ ಇದ್ದಾಗಲೂ. ಆದರೆ ಹಳಗನ್ನಡ ಅಂದರೆ ಮುಖ ತಿರುಗಿಸುತ್ತಿದ್ದ ಕಾಮರ್ಸ್ ಹುಡುಗರು ಪದ್ಯ ಬಿಡಿಸಿ ಅರ್ಥ ಹೇಳೋಕೆ ಜಗಳ ಆಡಿದರು. ಶತ್ರುವಿನ ಮಗ ಅಭಿಮನ್ಯುವಿಗೆ ದುರ್ಯೋಧನ ಕೈಮುಗಿಯುತ್ತಾನೆ, ನನಗೂ ನಿನ್ನಂಥ ಸಾವು ಬರಲಿ ಅನ್ನುತ್ತಾನೆ, ಅದು ಯಾವ ಹಂತ ಮೇಡಂ ಅಂತ ಒಬ್ಬ ಕೇಳಿದ. ಇಷ್ಟು ವರ್ಷದಲ್ಲಿ ಅಂಥ ಪ್ರಶ್ನೆ ನನಗೆ ಬಂದಿರಲಿಲ್ಲ.

ಸಂಜೆಮಲ್ಲಿಗೆ:
ಯಾವ ಹಂತವೂ ಅಲ್ಲ ಅಂತ ಹೇಳಬೇಕಿತ್ತು. ಕೆಂಪುಶಾಯಿ ಅವರೇ, ಆ ಐದು ಹಂತ 1969ರಲ್ಲಿ ಕ್ಯೂಬ್ಲರ್-ರಾಸ್ ಎಂಬ ಮನೋವೈದ್ಯೆ ಬರೆದದ್ದು. ಸಾಯುತ್ತಿರುವ ರೋಗಿಗಳ ಜೊತೆ ಮಾತಾಡಿ ಬರೆದದ್ದು. ಬೇರೆಯವರ ಸಾವಿಗೆ ಅಳುವವರ ಬಗ್ಗೆ ಅಲ್ಲ. ಆಮೇಲೆ ಅದನ್ನ ಎಲ್ಲಾ ದುಃಖಕ್ಕೂ ಎಳೆದು ಹಾಕಿದರು. ಮೆಟ್ಟಿಲು ಹತ್ತಿದ ಹಾಗೆ ಯಾರೂ ದುಃಖಪಡಲ್ಲ. ನಾನು ಎಂಎ ಮನಃಶಾಸ್ತ್ರ ಮಾಡಿ ಕೌನ್ಸೆಲಿಂಗ್ ಕೆಲಸ ಮಾಡಿದವಳು. ಗಂಡ ಸತ್ತು ಎಂಟು ತಿಂಗಳಾದ ಹೆಂಗಸು "ನನಗೆ ಇನ್ನೂ ಸಿಟ್ಟಿನ ಹಂತವೇ ಬಂದಿಲ್ಲ, ನನ್ನಲ್ಲೇನೋ ಕೊರತೆ ಇದೆಯಾ" ಅಂತ ಅಳುತ್ತಾ ಬಂದಿದ್ದರು. ಯಾರೋ ಹೀಗೆ ಪಾಠ ಮಾಡಿದ್ದರಿಂದ.

ಇನ್ನೊಂದು. ಅಮೆರಿಕದ ಮನೋವೈದ್ಯರ ಸಂಘದಲ್ಲಿ 1973ರಿಂದ ಒಂದು ನಿಯಮ ಇದೆ. ತಾನು ಪರೀಕ್ಷೆ ಮಾಡದ ಸಾರ್ವಜನಿಕ ವ್ಯಕ್ತಿಯ ಮನಸ್ಸಿನ ಬಗ್ಗೆ ವೈದ್ಯರು ಷರಾ ಬರೆಯಬಾರದು ಅಂತ. 1964ರ ಚುನಾವಣೆಯಲ್ಲಿ ಗೋಲ್ಡ್‌ವಾಟರ್ ಎಂಬ ಅಭ್ಯರ್ಥಿಯ ತಲೆ ಸರಿ ಇದೆಯಾ ಅಂತ ಒಂದು ಪತ್ರಿಕೆ ಮನೋವೈದ್ಯರನ್ನೇ ಕೇಳಿ ಅಚ್ಚು ಹಾಕಿತ್ತು, ಅದರ ಗಲಾಟೆಯಿಂದ ಬಂದ ನಿಯಮ. ಬದುಕಿರುವ ಮನುಷ್ಯನಿಗೇ ಹೀಗೆ. ಪುಸ್ತಕದಲ್ಲಿರುವವರನ್ನು ಕೂರಿಸಿ ಮಾತಾಡಿಸೋಕೂ ಆಗಲ್ಲ. ನಾನು ಅತಿಥಿ ಉಪನ್ಯಾಸಕಿಯಾಗಿದ್ದಾಗ ಕನ್ನಡದವರ ಜೊತೆ ಸೇರಿ ಯಶೋಧರ ಚರಿತೆಯ ಅಮೃತಮತಿಯನ್ನು ತೆಗೆದುಕೊಂಡಿದ್ದೆ. ಬೆಳಗಿನ ಜಾವ ಮಾವಟಿಗ ಅಷ್ಟಾವಂಕನ ಹಾಡು ಕೇಳಿ ಆ ರಾಣಿ ಅವನಿಗೆ ಮನಸೋತಳಲ್ಲ, ಯಾಕೆ ಅಂತ ಪ್ರಶ್ನೆ. 42 ಉತ್ತರದಲ್ಲಿ 17 ಜನ ಅವಳ ಅಪ್ಪ ಕ್ರೂರಿ, ಚಿಕ್ಕಂದಿನಲ್ಲಿ ಪ್ರೀತಿ ಸಿಕ್ಕಿರಲಿಲ್ಲ ಅಂತ ಬರೆದಿದ್ದರು! ಜನ್ನ ಇದನ್ನು ಎಲ್ಲಿ ಹೇಳಿದ್ದಾನೆ? ಆರು ವಾರದ ಕೆಲಸ, ಗಂಟೆಗೆ ಲೆಕ್ಕ ಹಾಕಿ ಕೊಡುತ್ತಿದ್ದ ಸಂಬಳ, ಅದೂ ನಾಲ್ಕು ತಿಂಗಳು ತಡ.

ಕೆಂಪುಶಾಯಿ:
ನಾನು ಬರೆದದ್ದನ್ನ ಪೂರ್ತಿ ಓದಿದಿರಾ? ಆ ಹುಡುಗನ ಪ್ರಶ್ನೆಗೆ ನಾನು ಕೊಟ್ಟ ಉತ್ತರವೂ ಅದೇ. ಹಂತ ಹೊಂದುತ್ತಿಲ್ಲ ಅಲ್ವಾ, ಹಾಗಾದರೆ ಹಂತ ಬಿಡು, ರನ್ನನನ್ನು ಹಿಡಿ ಅಂದೆ. ಆ ಐದು ಪದ ಇಲ್ಲದಿದ್ದರೆ ಹೊಂದಲ್ಲ ಅಂತ ಕಾಣುತ್ತಲೇ ಇರಲಿಲ್ಲ. ಎಂಎ ಮಾಡಿದವರಿಗೆ ಮಾತ್ರ ಮನಸ್ಸಿನ ಬಗ್ಗೆ ಮಾತಾಡೋಕೆ ಹಕ್ಕು ಅಂತ ಇದ್ದರೆ ಹೇಳಿಬಿಡಿ, ನಾವು ಸುಮ್ನೆ ಛಂದಸ್ಸು ಹಾಕಿಸಿಕೊಂಡು ಇರುತ್ತೇವೆ.

ಗದ್ದೆಬದಿ:
ಇಷ್ಟೆಲ್ಲ ಯಾಕೆ? ಪುಟ್ಟಣ್ಣನವರ ಶರಪಂಜರ ಸಿನಿಮಾ ಹಾಕಿ ತೋರಿಸಿ. ನಾವು ಓದುವಾಗ ನಮ್ಮ ಮೇಷ್ಟ್ರು ಟಿವಿ ಬಾಡಿಗೆಗೆ ತಂದು ತೋರಿಸಿದ್ದರು. ಕಲ್ಪನಾ ಅವರ ಮುಖ ನೋಡಿ ಹಿಂದಿನ ಬೆಂಚಿನವರೂ ಅತ್ತಿದ್ದರು. ಯಾವ ಶೀಟೂ ಬೇಕಾಗಲಿಲ್ಲ.

ತುಂಗಾತೀರ:
ಸಿನಿಮಾ 1971ರದ್ದು, ಒಳ್ಳೆಯ ಸಿನಿಮಾ, ನಾನೂ ನೋಡಿದ್ದೇನೆ. ಆದರೆ ಒಮ್ಮೆ ತೋರಿಸಿದರೆ ಮಕ್ಕಳು ಪುಸ್ತಕ ಮುಟ್ಟಲ್ಲ, ಉತ್ತರ ಪತ್ರಿಕೆಯಲ್ಲೂ ಸಿನಿಮಾ ದೃಶ್ಯವನ್ನೇ ಬರೆಯುತ್ತಾರೆ.

ಗದ್ದೆಬದಿ:
ಸಿನಿಮಾ ಇಲ್ಲದಿದ್ದರೆ ಎಷ್ಟು ಜನ ಆ ಕಾದಂಬರಿ ಹೆಸರು ಕೇಳುತ್ತಿದ್ದರು? ನಮ್ಮ ಅಮ್ಮ ಸಿನಿಮಾ ನೋಡಿದ ಮೇಲೆ ಪುಸ್ತಕ ಹುಡುಕಿ ಓದಿದವರು. ಅದಕ್ಕೆ ಮುಂಚೆ ಅವರು ಕಾದಂಬರಿಯನ್ನೇ ಓದಿರಲಿಲ್ಲ.

ಹಳೇಮೇಷ್ಟ್ರು:
ನಾನು ನಿವೃತ್ತ. ನನ್ನ ಎಂಫಿಲ್ ಇದೇ ವಿಷಯದಲ್ಲಿ ಹೋಯಿತು, ಹೋಯಿತು ಅಂದರೆ ಮುಳುಗಿತು. ಮಗ ತಂದೆಯ ಮೇಲೆ ಹಗೆ ಸಾಧಿಸುತ್ತಾನೆ ಎಂಬ ಫ್ರಾಯ್ಡ್‌ನ ಈಡಿಪಸ್ ಮಾತನ್ನು ಹಿಡಿದು ನಮ್ಮ ಪುರಾಣದ ನಾಟಕಗಳನ್ನೆಲ್ಲ ಅಳೆಯಲು ಹೊರಟೆ. 212 ಪುಟ. ಆಗ ಡಿಟಿಪಿ ಪುಟಕ್ಕೆ ಎಂಟು ರೂಪಾಯಿ, ತಿದ್ದುಪಡಿ ಸೇರಿ ಎರಡು ಸಲ ಮಾಡಿಸಿದೆ, ರಟ್ಟಿನ ಬೈಂಡಿಂಗ್ ಐದು ಪ್ರತಿ. ಸ್ಕೂಟರ್ ಮಾರಿದೆ. ವೈವಾದಲ್ಲಿ ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ, "ಯಯಾತಿಯ ಕಥೆಯಲ್ಲಿ ಯಾರು ಯಾರನ್ನು ತಿಂದರು?" ಅಷ್ಟೇ. ಪೂರು ಅಪ್ಪನನ್ನು ಕೊಲ್ಲಲಿಲ್ಲ, ತನ್ನ ಯೌವನ ತೆಗೆದು ಅಪ್ಪನಿಗೆ ಕೊಟ್ಟ. ಭೀಷ್ಮ ಅಪ್ಪನಿಗಾಗಿ ಮದುವೆ ಬಿಟ್ಟ. ಎ.ಕೆ. ರಾಮಾನುಜನ್ ಇದನ್ನೇ ಬರೆದಿದ್ದಾರೆ, ನಮ್ಮ ಕಥೆಗಳಲ್ಲಿ ಈಡಿಪಸ್ ತಲೆಕೆಳಗು, ಸೋಲುವವನು ಮಗ ಅಂತ. ಉತ್ತರ ಕರ್ನಾಟಕದಲ್ಲಿ ಒಬ್ಬ ಹೆಂಗಸು ಹೇಳಿದ ಜನಪದ ಕಥೆಯನ್ನೂ ಕೊಟ್ಟಿದ್ದಾರೆ. ಅಲ್ಲಿ ಕಥೆ ನಡೆಯುವುದು ತಾಯಿಯ ಕಡೆಯಿಂದ. ನಾನು ಅದನ್ನು ಓದಿದ್ದು ವೈವಾ ಮುಗಿದ ಮೇಲೆ! ಮೊದಲೇ ಓದಿದ್ದರೆ ಮೂರು ವರ್ಷ ಉಳಿಯುತ್ತಿತ್ತು. ಪರದೇಶದ ಅಳತೆಗೋಲು ತಂದು ನಮ್ಮ ಮಕ್ಕಳ ಕೈಗೆ ಕೊಡಬೇಡಿ ಅಂತ ನನ್ನ ಮಾತು.

ಸಂಜೆಮಲ್ಲಿಗೆ:
ಸರ್, ಪರದೇಶದ್ದು ಅಂತ ಪೂರ್ತಿ ತಳ್ಳಬೇಡಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಗಿದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ಆಕಾಶವಾಣಿ ಅಂತ ರೇಡಿಯೋ ನಡೆಸಿದವರು. ತ್ರಿವೇಣಿಯವರು ಮನಃಶಾಸ್ತ್ರ ಓದಿದ್ದು ಮೈಸೂರಿನಲ್ಲೇ. ನೂರು ವರ್ಷ ನಮ್ಮಲ್ಲಿದ್ದ ಮೇಲೂ ಅದು ನಮ್ಮದಲ್ಲವಾ?

ಹೊಸಪಾಠ ಅವರಿಗೆ ಹೇಳಬೇಕಾದದ್ದು ಇದು. ಕಾವೇರಿಗೆ ಹೆರಿಗೆಯ ನಂತರ ಬುದ್ಧಿ ಕದಡುತ್ತದೆ. ಅದಕ್ಕೆ ನಮ್ಮ ಅಜ್ಜಿಯರು ಬಾಣಂತಿ ಸನ್ನಿ ಅಂತ ಹೆಸರಿಟ್ಟೇ ಇದ್ದರು. ಲೇಖಕಿ ಏನನ್ನೂ ಮುಚ್ಚಿಟ್ಟಿಲ್ಲ, ಮಕ್ಕಳು ಹುಡುಕುವುದಕ್ಕೆ ಏನೂ ಉಳಿದಿಲ್ಲ. ಅವಳು ವಾಸಿಯಾಗಿ ಮನೆಗೆ ಬಂದ ಮೇಲೆ ನಡೆಯುವುದೇ ಕಾದಂಬರಿ. ಅವಳು ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಪರೀಕ್ಷೆ ಮಾಡಬೇಕಾದದ್ದು ಅವಳನ್ನಲ್ಲ, ಆ ಮನೆಯವರನ್ನು, ನೆರೆಯವರನ್ನು. ಗಂಡ ಯಾಕೆ ಹಾಗೆ ನೋಡುತ್ತಾನೆ? ಒಮ್ಮೆ ಅಂಟಿದ ಹೆಸರು ಯಾಕೆ ಹೋಗಲ್ಲ? ಇದೂ ಮನಃಶಾಸ್ತ್ರವೇ. ತುಂಗಾತೀರ ಅವರು ಶೀಟನ್ನು ತಪ್ಪು ಮನುಷ್ಯರಿಗೆ ಹಚ್ಚಿದರು, ಅಷ್ಟೇ.

ತುಂಗಾತೀರ:
"ಅಷ್ಟೇ" ಅನ್ನೋದು ಸುಲಭ. ನೀವು ಆ ಮನೆಗೆ ಹೋಗಿಲ್ಲ.

ನಾನು ಹೋದೆ. ಹನ್ನೆರಡನೇ ದಿನ, ಎರಡು ಬಸ್ ಬದಲಾಯಿಸಿ, ಹೋಗಿ ಬರೋಕೆ 64 ಕಿಲೋಮೀಟರ್, ಕೊನೆಯ ಎರಡು ಕಿಲೋಮೀಟರ್ ನಡೆದು. ಹುಡುಗಿ ಒಳಗಿನಿಂದ ಬರಲೇ ಇಲ್ಲ. ತಾಯಿಯೇ ಕಾಫಿ ತಂದುಕೊಟ್ಟರು, ಕೈ ಸ್ವಲ್ಪ ನಡುಗುತ್ತಿತ್ತು, ತಟ್ಟೆಗೆ ಚೆಲ್ಲಿದ್ದನ್ನು ಸೆರಗಿನಿಂದ ಒರೆಸಿ ಕೊಟ್ಟರು. ಕಿಟಕಿಯ ಮೇಲೆ ಕುಂಕುಮದ ಡಬ್ಬಿ, ಅದರ ಪಕ್ಕದಲ್ಲಿ ಮಾತ್ರೆಯ ಪಟ್ಟಿ, ನಾಲ್ಕು ಖಾಲಿ, ಆರು ಬಾಕಿ. ತಪ್ಪದೆ ತೆಗೆದುಕೊಳ್ಳುತ್ತಿದ್ದರು ಅಂತ ಕಾಣುತ್ತೆ. ನಾನು ಕ್ಷಮೆ ಕೇಳಬೇಕು ಅಂತ ಹೋದವನು, ಬಾಯಿ ಬರಲಿಲ್ಲ. ಆಕೆಯೇ ಕೇಳಿದರು, "ಮೇಷ್ಟ್ರೇ, ನೀವು ಪಾಠ ಮಾಡಿದ ಆ ಹೆಂಗಸು ಕೊನೆಗೆ ವಾಸಿ ಆಗ್ತಾಳಾ?"

ಆಗಿದ್ದಳು, ಆದರೆ ಯಾರೂ ನಂಬಲಿಲ್ಲ, ಅದಕ್ಕೇ ಮತ್ತೆ ಕೆಟ್ಟಿತು ಅಂತ ಹೇಳಿದೆ. ಆಕೆ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದನ್ನ ಆ ಹುಡುಗರಿಗೆ ಹೇಳಿದ್ರಾ?" ಅಂದರು. ಹೇಳಿರಲಿಲ್ಲ. ಆರು ಪೀರಿಯಡ್‌ನಲ್ಲಿ ಒಂದು ಸಲವೂ ಹೇಳಿರಲಿಲ್ಲ.

ಕೆಂಪುಶಾಯಿ:
ಹುಡುಗಿ ವಾಪಸ್ ಬಂದಳಾ?

ತುಂಗಾತೀರ:
ಬಂದಳು. ಆದರೆ ಕನ್ನಡ ಪೀರಿಯಡ್‌ನಲ್ಲಿ ಕೊನೆಯ ಬೆಂಚು. ಮೂರನೇ ವರ್ಷದವರೆಗೂ ನನ್ನ ಜೊತೆ ಮಾತಾಡಲಿಲ್ಲ. ಸಂಜೆಮಲ್ಲಿಗೆ ಅವರು ಹೇಳಿದ್ದು ಸರಿ ಇರಬಹುದು. ಆದರೂ ನನಗೆ ಇನ್ನೊಮ್ಮೆ ಮಾಡೋಕೆ ಧೈರ್ಯ ಇಲ್ಲ. ಈಗ ಶರಪಂಜರ ಬಂದರೆ ಗಟ್ಟಿಯಾಗಿ ಓದಿಸುತ್ತೇನೆ, ಸರದಿಯಲ್ಲಿ, ಅಷ್ಟೇ.

ಗದ್ದೆಬದಿ:
ಮೇಷ್ಟ್ರೇ, ಸಿನಿಮಾ ವಿಷಯದಲ್ಲಿ ನಾನು ಹೇಳಿದ್ದು ಬಿಡಿ. ನಮ್ಮ ತರಗತಿಯಲ್ಲೂ ಅಂಥವರು ಇದ್ದಿರಬಹುದು. ನಾನು ಯಾವತ್ತೂ ಯೋಚನೆ ಮಾಡಿರಲಿಲ್ಲ.

ಹಳೇಮೇಷ್ಟ್ರು:
1924 ಅಂದರೆ ವಿಭಾಗ ಇತ್ತು, ಸರಿ. ವಿಭಾಗ ಇದ್ದ ಮಾತ್ರಕ್ಕೆ ವಿಚಾರ ನಮ್ಮದಾಗುತ್ತದಾ ಎಂಬ ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ.

ಸಂಜೆಮಲ್ಲಿಗೆ:
ಸರ್, ಅದಕ್ಕೆ ಬೇರೆ ಕಡೆ ಉದ್ದವಾಗಿ ಬರೆಯುತ್ತೇನೆ. ಹೊಸಪಾಠ ಅವರೇ, ಏನೇ ಮಾಡಿದರೂ ಮೊದಲ ದಿನವೇ ಬೋರ್ಡ್ ಮೂಲೆಯಲ್ಲಿ ಟೆಲಿ ಮಾನಸ್ ನಂಬರ್ ಬರೆದಿಡಿ, 14416. ಮಾನಸಿಕ ಆರೋಗ್ಯದ ಸಹಾಯವಾಣಿ, ಸರ್ಕಾರದ್ದು, ಫ್ರೀ, ಕನ್ನಡದಲ್ಲೂ ಮಾತಾಡುತ್ತಾರೆ. ಯಾರಿಗೆ ಅಂತ ಹೇಳಬೇಡಿ. ಅಳಿಸಲೂ ಬೇಡಿ.

ಹೊಸಪಾಠ:
ಎಲ್ಲರಿಗೂ ಧನ್ಯವಾದ. "ಕಾಯಿಲೆ ಯಾವುದು" ಎಂಬ ಕಾಲಂ ಹೊಡೆದು ಹಾಕಿದೆ. ಕಾವೇರಿಯ ಗುಂಪೂ ಇಲ್ಲ ಈಗ. ಗಂಡ ಒಂದು, ಮನೆಯವರು ಒಂದು, ನೆರೆಯವರು ಒಂದು, ಹೀಗೆ ಮಾಡಿದ್ದೇನೆ. ಅಮೃತಮತಿಗೆ ಏನು ಮಾಡೋದು ಅಂತ ಇನ್ನೂ ಹೊಳೆದಿಲ್ಲ. ಹಿಟ್ಟಿನ ಕೋಳಿ ಬಲಿ ಕೊಡು ಅಂತ ಯಶೋಧರನ ಮೇಲೆ ತಾಯಿ ಒತ್ತಾಯ ಮಾಡುವ ಭಾಗ ಇದೆಯಲ್ಲ, ಅಲ್ಲಿಂದ ಶುರು ಮಾಡಿದರೆ ಹೇಗೆ? ಕೆಂಪುಶಾಯಿ ಮೇಡಂ, ನಿಮ್ಮ ಹೆಣಗಳ ಸಾಲಿನ ಬೋರ್ಡ್ ಫೋಟೋ ಇದ್ದರೆ ಹಾಕುತ್ತೀರಾ?

ಕೆಂಪುಶಾಯಿ:
ಫೋಟೋ ಹಳೇ ಫೋನಿನಲ್ಲಿದೆ, ಅದು ಚಾರ್ಜ್ ಆಗುತ್ತಿಲ್ಲ. ಒಬ್ಬ ಹುಡುಗಿ ನೋಟ್ಸ್‌ನಲ್ಲಿ ಪೂರ್ತಿ ಬರೆದುಕೊಂಡಿದ್ದಳು, ಅವಳ ತಮ್ಮ ಈಗ ನನ್ನ ತರಗತಿಯಲ್ಲೇ ಇದ್ದಾನೆ. ಸೋಮವಾರ ಅವನ ಹತ್ತಿರ ತರಿಸುತ್ತೇನೆ. ಎಂಟು ಪೀರಿಯಡ್ ಇಟ್ಟುಕೊಳ್ಳಿ.