ಬೋಟಿಗೆ ಇನ್ನೂ 860 ಲೀಟರ್ ಬ್ಯಾಲಾಸ್ಟ್ (ಭಾರಕ್ಕೆ ತುಂಬುವ ನೀರು) ಸೇರಿಸಬೇಕು: ಏರೇಟರ್ ಪಂಪಾ, ಇಂಪೆಲ್ಲರ್ ಪಂಪಾ?

ಮೊಣಕಾಲುದ್ದಅಲೆ:

ಎಲ್ಲರಿಗೂ ನಮಸ್ಕಾರ. ನನ್ನದು 21 ಅಡಿಯ ಹಳೆಯ ವಿ-ಡ್ರೈವ್ (ಎಂಜಿನ್ ಹಿಂದಿರುವ) ವೇಕ್‌ಬೋರ್ಡ್ ಬೋಟು, ಹಲಗೆ ಮೇಲೆ ನಿಂತವರನ್ನು ಹಗ್ಗದಿಂದ ಎಳೆಯುವಂಥದ್ದು. ನೆಲದಡಿ ಮೂರು ಗಟ್ಟಿ ಟ್ಯಾಂಕ್ ಇವೆ, ಒಟ್ಟು 450 ಲೀಟರ್. ಮೂರೂ ತುಂಬಿದರೂ ಬೋಟಿನ ಹಿಂದೆ ಏಳುವ ಅಲೆ ನನ್ನ ಮೊಣಕಾಲು ದಾಟುವುದಿಲ್ಲ. ಹೆಸರು ನೋಡಿಯೇ ಗೊತ್ತಾಗಿರಬೇಕು.

ಹಿಂದಿನ ಎರಡು ಲಾಕರ್‌ಗಳಲ್ಲಿ 340 ಲೀಟರಿನ ಒಂದೊಂದು ಬ್ಯಾಗ್, ಮುಂದೆ ಸೀಟಿನಡಿ 180 ಲೀಟರಿನದು ಒಂದು ಹಾಕೋಣ ಅಂತಿದ್ದೇನೆ. ಲೀಟರಿಗೆ ಒಂದು ಕಿಲೋ ಅಂದರೆ ಹೊಸದಾಗಿ 860 ಕಿಲೋ. ಬೋಟಿನ ತಳದಲ್ಲಿ ಮತ್ತೆ ಮತ್ತೆ ತೂತು ಕೊರೆಯಲು ಧೈರ್ಯವಿಲ್ಲ. ಒಂದೇ ತೂತು, ಅದಕ್ಕೊಂದು ಮ್ಯಾನಿಫೋಲ್ಡ್ (ಕವಲು ಪೈಪ್), ಅಲ್ಲಿಂದ ಮೂರು ಪಂಪ್. ತೂತು 25 ಮಿಮೀ ಸಾಕಾ? ಏರೇಟರ್ ಪಂಪಿನ (ಚಕ್ರ ತಿರುಗಿ ನೀರು ತಳ್ಳುವಂಥದ್ದು) ಮೇಲೆ ನಿಮಿಷಕ್ಕೆ 75 ಲೀಟರ್ ಅಂತ ಬರೆದಿದೆ, ರಬ್ಬರ್ ಎಸಳಿನ ಇಂಪೆಲ್ಲರ್‌ದು 45. ಹಾಗಿದ್ದರೆ ಏರೇಟರೇ ವಾಸಿ ಅಲ್ವಾ? ಮನೆಯಲ್ಲಿ 2.5 ಚದರ ಮಿಮೀ ವೈರ್ ಬಿದ್ದಿದೆ, ಅದನ್ನೇ ಡ್ಯಾಶ್‌ಬೋರ್ಡ್ ಸ್ವಿಚ್‌ಗೆ ಎಳೆದು ಅಲ್ಲಿಂದ ಪಂಪ್‌ಗೆ ತರುತ್ತೇನೆ. ತಪ್ಪಿದ್ದರೆ ಬೈಯಿರಿ, ಪರವಾಗಿಲ್ಲ.

ಹಳೇಪಂಪು:

ಬೈಯುವುದಿಲ್ಲ. ಇದೇ ನಕ್ಷೆ ನಾನೂ ಬರೆದಿದ್ದೆ, ಮೂರು ವರ್ಷ ಅದನ್ನೇ ರಿಪೇರಿ ಮಾಡಿದೆ.

ಎಲ್ಲರೂ ಪಂಪಿನಿಂದ ಶುರು ಮಾಡುತ್ತಾರೆ. ನೀರು ಒಳಗೆ ಹೋಗುವುದು ಸುಲಭ ಸ್ವಾಮಿ. ಹೋದ ನೀರು ಅಲ್ಲೇ ನಿಲ್ಲಬೇಕು, ಒಳಗಿದ್ದ ಗಾಳಿ ಹೊರಗೆ ಬರಬೇಕು. ನಕ್ಷೆಯಲ್ಲಿ ಮೊದಲು ಈ ಎರಡಕ್ಕೆ ಜಾಗ ಮಾಡಿ.

ನನ್ನ ಬೋಟಿನಲ್ಲಿ ಮೊದಲು ಏರೇಟರ್ ಪಂಪ್‌ಗಳೇ ಇದ್ದವು. ಬೆಳಿಗ್ಗೆ ಎರಡೂ ಬ್ಯಾಗ್ ಬಿಗಿಯಾಗಿ ತುಂಬುತ್ತಿದ್ದೆ. ಮೂರನೇ ಸುತ್ತಿಗೆ ಬಲಗಡೆಯ ಅಲೆ ಕರಗಿ ಹೋಗಿರುತ್ತಿತ್ತು. ಬ್ಯಾಗ್ ತೂತಾಗಿದೆ ಅಂದುಕೊಂಡೆ, ಇಲ್ಲ. ತುಂಬುವ ಪಂಪ್ ಬದಲಿಸಿದೆ. ಖಾಲಿ ಮಾಡುವ ಪಂಪನ್ನೂ ಬದಲಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಒಂದು ದಿನ ಜೊತೆಗಿದ್ದವನು ಪಕ್ಕಕ್ಕೆ ಬಗ್ಗಿ, "ಏನೋ ಇದು, ಸ್ವಿಚ್ ಆಫ್ ಇದ್ರೂ ನೀರು ಹೋಗ್ತಾನೇ ಇದೆಯಲ್ಲೋ" ಅಂದ.

ಆಗಿದ್ದು ಇಷ್ಟೇ. ಬೋಟು ಖಾಲಿ ಇದ್ದಾಗ ಡ್ರೈನ್ ತೂತು ನೀರಿನ ಮಟ್ಟದಿಂದ ಒಂದು ಗೇಣು ಮೇಲಿತ್ತು. ಭಾರ ತುಂಬಿ ಬಲಕ್ಕೆ ವಾಲಿಸಿದ ಮೇಲೆ ಅದು ನೀರಿಗೆ ತಾಗುವಷ್ಟು ಕೆಳಗೆ ಬರುತ್ತಿತ್ತು. ಬ್ಯಾಗಿನೊಳಗಿನ ನೀರು ಮಾತ್ರ ಅದಕ್ಕಿಂತ ಎತ್ತರದಲ್ಲಿ. ಏರೇಟರ್ ಪಂಪ್ ನಿಂತಿದ್ದರೆ ಅದು ಬರೀ ಪೈಪು, ನೀರಿಗೆ ಅಡ್ಡಿಯೇ ಇಲ್ಲ. ಅಲೆಯ ಆಕಾರ ನೋಡಿಕೊಂಡು ಹತ್ತು ಸೆಕೆಂಡ್ ನೀರು ಬಿಡುತ್ತಿದ್ದೆನಲ್ಲ, ಆಗ ಹಿಡಿದ ಸೈಫನ್ (ಪಂಪಿಲ್ಲದೆ ನೀರು ತಾನೇ ಇಳಿದು ಹೋಗುವುದು) ನಿಲ್ಲುತ್ತಲೇ ಇರಲಿಲ್ಲ. ಹೋಸ್ ಅನ್ನು ಬೋಟಿನ ಅಂಚಿನ ತನಕ ಎತ್ತಿ, ನೆತ್ತಿಯಲ್ಲಿ ಗಾಳಿ ಎಳೆದುಕೊಳ್ಳುವ ಸಣ್ಣ ವಾಲ್ವ್ ಇರುವ ವೆಂಟೆಡ್ ಲೂಪ್ ಹಾಕಿದೆ. ಅವತ್ತಿಗೆ ಮುಗಿಯಿತು. ಎರಡು ಪಂಪ್ ಸುಮ್ನೆ ದಂಡ.

ಈಗ ನಿಮ್ಮ ಪ್ರಶ್ನೆ. ಬ್ಯಾಗ್‌ಗಳಿಗೆ ಇಂಪೆಲ್ಲರ್ ಹಾಕಿ. ಅದರ ರಬ್ಬರ್ ಎಸಳುಗಳು ಗೋಡೆಗೆ ಒತ್ತಿಕೊಂಡಿರುತ್ತವೆ, ಪಂಪ್ ನಿಂತಾಗ ಅವೇ ನೀರನ್ನು ಹಿಡಿಯುತ್ತವೆ. ಮೋಟಾರ್ ಉಲ್ಟಾ ತಿರುಗಿಸಿದರೆ ಅದೇ ಪಂಪ್ ಖಾಲಿಯೂ ಮಾಡುತ್ತದೆ, ಅದೇ ತೂತಿನಿಂದ. ಏರೇಟರ್ ಆದರೆ ಮೂರು ಬ್ಯಾಗಿಗೆ ಆರು ಪಂಪ್, ಮೇಲೆ ಡ್ರೈನ್‌ಗೆ ಬೇರೆ ತೂತುಗಳು. ಜೊತೆಗೆ ಏರೇಟರ್ ತಾನಾಗಿ ನೀರು ಎಳೆಯುವುದಿಲ್ಲ, ನೀರಿನ ಮಟ್ಟಕ್ಕಿಂತ ಕೆಳಗೇ ಇರಬೇಕು. ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೂ ಗುಂಯ್ ಅನ್ನುತ್ತಾ ಕೂರುತ್ತದೆ.

ಡಬ್ಬದ ಮೇಲಿನ 75, 45 ಎರಡನ್ನೂ ನಂಬಬೇಡಿ. ಹೋಸ್ ಉದ್ದ, ಬಾಗು, ಎತ್ತರ ಎಲ್ಲ ಸೇರಿ ತಿನ್ನುತ್ತವೆ. 45ರಲ್ಲಿ 340 ಲೀಟರಿಗೆ ಏಳೂವರೆ ನಿಮಿಷ ಆಗಬೇಕು. ನನಗೆ ಹನ್ನೊಂದು ಆಗುತ್ತದೆ.

25 ಮಿಮೀ ತೂತು ಸಾಲದು. ಮೂರೂ ಒಟ್ಟಿಗೆ ಓಡಿದರೆ ನಿಮಿಷಕ್ಕೆ 135 ಲೀಟರ್. ಅದು 25 ಮಿಮೀಯಲ್ಲಿ ಹೋಗಬೇಕಾದರೆ ಸೆಕೆಂಡಿಗೆ ನಾಲ್ಕೂವರೆ ಮೀಟರ್ ವೇಗ ಬೇಕು, ಪಂಪ್‌ಗಳು ಒಂದರ ನೀರನ್ನು ಒಂದು ಕಿತ್ತುಕೊಳ್ಳುತ್ತವೆ. 38 ಮಿಮೀ ಮಾಡಿ, ಸೆಕೆಂಡಿಗೆ ಎರಡು ಮೀಟರಿಗೆ ಇಳಿಯುತ್ತದೆ. ತೂತಿನ ಮೇಲೆ ನೇರವಾಗಿ ಸೀಕಾಕ್ (ನೀರು ಬಂದ್ ಮಾಡುವ ವಾಲ್ವ್) ಕೂರಬೇಕು, ಕೈಗೆ ಎಟುಕುವ ಹಾಗೆ. ನೀರಿನ ಮಟ್ಟದ ಕೆಳಗೆ ಕಂಚಿನ ಫಿಟ್ಟಿಂಗ್ ಹಾಕಿ, ಅಗ್ಗದ ಪ್ಲಾಸ್ಟಿಕ್ ಬೇಡವೇ ಬೇಡ. ಎಳೆಯುವ ಕಡೆಯ ಹೋಸ್ ಒಳಗೆ ಸುರುಳಿ ಇರುವಂಥದ್ದೇ ಆಗಬೇಕು, ಇಲ್ಲದಿದ್ದರೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ.

ಗಾಳಿ ಮರೆಯಬೇಡಿ. ಬ್ಯಾಗಿನ ಮೇಲಿನ ಮೂಲೆಯಿಂದ ವೆಂಟ್ ಹೋಸ್ ಏರುತ್ತಲೇ ಹೋಗಿ ಬೋಟಿನ ಪಕ್ಕದಲ್ಲಿ ಎತ್ತರಕ್ಕೆ ಹೊರಬೀಳಬೇಕು. ನಡುವೆ ಜೋತು ಬಿದ್ದರೆ ಅಲ್ಲಿ ನೀರು ನಿಂತು ಗಾಳಿಗೆ ಬಿರಡೆ ಹಾಕುತ್ತದೆ. ಹೊರಗೆ ನೀರು ಚಿಮ್ಮಿತು ಅಂದರೆ ಬ್ಯಾಗ್ ತುಂಬಿತು, ಸ್ವಿಚ್ ಆರಿಸಿ. ನಾನು ಮಾತಾಡುತ್ತಾ ಮರೆತು ಲಾಕರ್ ಮುಚ್ಚಳದ ಎರಡು ಹಿಂಜ್ ಬಾಗಿಸಿದ್ದೇನೆ. ನೀರು ತುಂಬಿದ ಬ್ಯಾಗಿನ ಬಲ ನೋಡಿದವರಿಗೇ ಗೊತ್ತು.

ತಂತಿಲೆಕ್ಕ:

ವೈರಿಂಗ್ ಬಗ್ಗೆ ಮಾತ್ರ ಹೇಳುತ್ತೇನೆ. ಇಂಪೆಲ್ಲರ್ ಪಂಪ್ ಸುಮಾರು 20 ಆಂಪ್ ಎಳೆಯುತ್ತದೆ. ಡ್ಯಾಶ್‌ಬೋರ್ಡ್ ಸುತ್ತಿ ಬಂದರೆ ಹೋಗಿ ಬರುವ ವೈರ್ ಒಟ್ಟು 12 ಮೀಟರ್ ಅಂತಿಟ್ಟುಕೊಳ್ಳಿ. 2.5 ಚದರ ಮಿಮೀಯಲ್ಲಿ 1.6 ವೋಲ್ಟ್ ದಾರಿಯಲ್ಲೇ ಖರ್ಚು. ಪಂಪ್ ಕುಂಟುತ್ತದೆ, ವೈರ್ ಬಿಸಿಯಾಗುತ್ತದೆ. ರಿಲೇಗಳನ್ನು (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಹಿಂದೆ ಪಂಪ್ ಹತ್ತಿರ ಇಡಿ, ಪ್ರತಿ ಪಂಪಿಗೆ ಎರಡು, ಉಲ್ಟಾ ತಿರುಗಬೇಕಲ್ಲ. ಆಗ ಬ್ಯಾಟರಿಯಿಂದ ಹೋಗಿ ಬರುವುದು 6 ಮೀಟರ್. 6 ಚದರ ಮಿಮೀ ಹಾಕಿದರೆ ನಷ್ಟ 0.35 ವೋಲ್ಟ್ ಅಷ್ಟೇ. ನಿಮ್ಮ ಮನೆಯ ವೈರ್ ವ್ಯರ್ಥವಲ್ಲ, ಸ್ವಿಚ್‌ನಿಂದ ರಿಲೇಗೆ ಎಳೆಯಿರಿ. ಪವರ್ ಲೈನಿಗೆ ಮಾತ್ರ ತವರ ಬಳಿದ ತಾಮ್ರ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ.

ಮುಖ್ಯವಾದದ್ದು: ಪೆಟ್ರೋಲ್ ಎಂಜಿನ್ ಇರುವ ಜಾಗದಲ್ಲಿ ಪಂಪ್, ರಿಲೇ ಎಲ್ಲವೂ ಕಿಡಿ ಹೊರಗೆ ಬರದಂಥ ಮೆರೀನ್ ದರ್ಜೆಯವೇ ಆಗಿರಬೇಕು. ಕಾರಿನ ಮಾಮೂಲಿ ರಿಲೇ ತಂದು ಅಲ್ಲಿ ಕೂರಿಸಬೇಡಿ.

ಮೊಣಕಾಲುದ್ದಅಲೆ:

ಅಯ್ಯೋ, ಕಾರಿನ ರಿಲೇ ಆಗಲೇ ತಂದಿಟ್ಟಿದ್ದೆ. ವಾಪಸ್ ಕೊಡುತ್ತೇನೆ. ಇನ್ನೊಂದು ಡೌಟು. ಮುಂದಿನ ಬ್ಯಾಗ್ ಬೇಕಾ? ಹಿಂದೆ ಜಾಸ್ತಿ ಭಾರ ಇದ್ದರೆ ಅಲೆ ದೊಡ್ಡದು ಅನ್ನುತ್ತಾರೆ.

ಹಳೇಪಂಪು:

ಹಿಂದೆ ಮಾತ್ರ ತುಂಬಿದರೆ ಅಲೆ ಎತ್ತರ ಬರುತ್ತದೆ, ಆದರೆ ಮೊಂಡು, ಕಡಿದು. ಮೂತಿ ಮೇಲಕ್ಕೆದ್ದು ಎದುರಿಗೆ ಏನಿದೆ ಅಂತಲೇ ಕಾಣುವುದಿಲ್ಲ. ವಿ-ಡ್ರೈವ್‌ನಲ್ಲಿ ಎಂಜಿನ್ನೇ ಹಿಂದಿದೆ, ಮುಂದಿನ ಭಾರ ಬೇಕೇ ಬೇಕು. ಅದು ಅಲೆಯನ್ನು ಉದ್ದ ಮಾಡುತ್ತದೆ. ಮೊದಲು ಹಿಂದಿನವು ಅರ್ಧ, ಮುಂದಿನದು ಪೂರ್ತಿ ತುಂಬಿ ಗಂಟೆಗೆ 35 ಕಿಮೀ ಹತ್ತಿರ ಓಡಿಸಿ ನೋಡಿ, ಆಮೇಲೆ ಹಿಂದೆ ಏರಿಸುತ್ತಾ ಹೋಗಿ. ಅರ್ಧ ತುಂಬಿದ ಬ್ಯಾಗಿನಲ್ಲಿ ನೀರು ಆಚೆ ಈಚೆ ಓಡುತ್ತದೆ, ತಿರುವಿನಲ್ಲಿ ನಿಧಾನ.

ಲಾಕರ್‌ನಲ್ಲಿ ಬಿಸಿ ಎಕ್ಸಾಸ್ಟ್ ಹೋಸ್ ಮತ್ತು ಸ್ಟೀರಿಂಗ್ ಕೇಬಲ್ ಬ್ಯಾಗಿಗೆ ತಾಗದ ಹಾಗೆ ಹಲಗೆ ಅಡ್ಡ ಕೊಡಿ. ಪೂರ್ತಿ ಭಾರದಲ್ಲಿ ಎಂಜಿನ್ ಉಸಿರು ಕಟ್ಟಿದರೆ ಪ್ರೊಪೆಲ್ಲರ್ ಪಿಚ್ (ಒಂದು ಸುತ್ತಿಗೆ ಅದು ಮುಂದೆ ತಳ್ಳುವ ದೂರ) ಇಳಿಸಿ. 1 ಇಂಚಿಗೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ.

ಲೈಫ್‌ಜಾಕೆಟ್:

ಎಲ್ಲ ಸರಿ, ಆದರೆ ಡ್ರೈವರ್ ಸೀಟಿನ ಹತ್ತಿರ ಬೋಟಿನ ಭಾರದ ಮಿತಿ ಬರೆದ ಪ್ಲೇಟ್ ಇರುತ್ತದಲ್ಲ, ಅದನ್ನು ಯಾರೂ ಕೇಳಲೇ ಇಲ್ಲ. 860ರ ಮೇಲೆ ಐದು ಜನ ಕೂತರೆ ಇನ್ನೂ 375 ಕಿಲೋ ಹತ್ತಿರ. ಮಿತಿ ದಾಟುತ್ತದಾದರೆ ಬ್ಯಾಗ್ ಚಿಕ್ಕದು ಮಾಡಿ. ಬೇರೆ ಕೆರೆಗೆ ಹೋಗುವ ಮೊದಲು ಬ್ಯಾಗ್ ಪೂರ್ತಿ ಬಸಿದು ಒಣಗಿಸಿ ಕೂಡ. ತಳದಲ್ಲಿ ಉಳಿಯುವ ನೀರಿನಲ್ಲಿ ಕಪ್ಪೆಚಿಪ್ಪಿನ ಜೀವಿಗಳ ಮರಿಗಳು ಸಾಗಿ ಹೋಗುತ್ತವೆ.

ಮೊಣಕಾಲುದ್ದಅಲೆ:

ಪ್ಲೇಟ್ ನೋಡಿ ಬಂದೆ. ಹಿಂದಿನ ಬ್ಯಾಗ್‌ಗಳು 340ರಿಂದ 180ಕ್ಕೆ ಇಳಿದವು, ಮೂರೂ ಒಂದೇ ಅಳತೆ. ಜನ ನಾಲ್ಕೇ. ಮೂರು ಇಂಪೆಲ್ಲರ್, 38 ಮಿಮೀ, ರಿಲೇ ಹಿಂದೆ. ಇವತ್ತು ದಡದಲ್ಲೇ ದೊಡ್ಡ ಡ್ರಮ್ಮಿನಿಂದ ಒಂದು ಬ್ಯಾಗ್ ತುಂಬಿಸಿ ನೋಡಿದೆ, ಐದು ನಿಮಿಷ ನಲವತ್ತು ಸೆಕೆಂಡ್. ಖಾಲಿ ಮಾಡುವಾಗ ಕೊನೆಗೆ ಬ್ಯಾಗಿನ ಬಟ್ಟೆಯೇ ಪೈಪಿನ ಬಾಯಿಗೆ ಅಂಟಿಕೊಂಡು ಪಂಪ್ ಕಿರುಚಿತು. ಇದು ಮಾಮೂಲಾ?

ಹಳೇಪಂಪು:

ಮಾಮೂಲು. ಸದ್ದು ಬದಲಾದ ಕ್ಷಣ ಆರಿಸಿ. ಒಣಗಿ ಓಡಿದರೆ ರಬ್ಬರ್ ಸುಟ್ಟು ಹೋಗುತ್ತದೆ. ಒಂದು ಇಂಪೆಲ್ಲರ್ ಸ್ಪೇರ್ ಇರಲಿ, ಅದನ್ನು ಬಿಚ್ಚುವ ಸ್ಕ್ರೂಡ್ರೈವರ್ ಕೂಡ ಬೋಟಿನಲ್ಲೇ ಇರಲಿ. ನನ್ನದು ಯಾವಾಗಲೂ ಮನೆಯಲ್ಲಿರುತ್ತದೆ.