ಅಪ್‌ಡೇಟ್: ಆ ಹುಳದ ಸಿನಿಮಾ ಸಿಕ್ಕಿತು!

ಹೋದ ವಾರ ಕೇಳಿದ್ದೆನಲ್ಲ, ಊರವರ ಮೈತುಂಬ ಬೊಕ್ಕೆ ಎದ್ದು, ಒಳಗಿಂದಲೇ ಹುಳ ತಿನ್ನುವ ಸಿನಿಮಾ ಯಾವುದು ಅಂತ? ಸಿಕ್ಕಿತು. 2012ರ ‘ದಿ ಬೇ’. ಹೆಸರು ಹೇಳಿದವರಿಗೆ ಮುಂಬೈನ ಮಾಟುಂಗಾದಲ್ಲಿ ಒಂದು ಫಿಲ್ಟರ್ ಕಾಫಿ, ನನ್ನ ಲೆಕ್ಕದಲ್ಲಿ.

ಶನಿವಾರ ರಾತ್ರಿ ಡೊಂಬಿವಿಲಿಯ ಮನೆಯಲ್ಲಿ ಮತ್ತೆ ನೋಡಿದೆ. ಆ ಹುಳವನ್ನು ಹೋದ ವಾರ ಜೇಡ ಅಂತ ಬರೆದಿದ್ದೆ, ತಪ್ಪು. ಅದು ಐಸೋಪಾಡ್, ಅಂದರೆ ಸಿಗಡಿ, ಏಡಿಗಳ ಬಳಗದ ಒಂದು ಜೀವಿ. ಕೋಳಿ ಫಾರಂನ ಹೊಲಸು ಕೊಲ್ಲಿಯ ನೀರಿಗೆ ಸೇರಿ ಅದು ಸಿಕ್ಕಾಪಟ್ಟೆ ಬೆಳೆಯುತ್ತದೆ. ಸುಮಾರು 20 ಲಕ್ಷ ಡಾಲರ್ ಖರ್ಚಿನ ಈ ಸಿನಿಮಾದ ನಿರ್ದೇಶಕ ಯಾರು ಗೊತ್ತಾ? ‘ರೇನ್ ಮ್ಯಾನ್’ಗೆ ಆಸ್ಕರ್ ಗೆದ್ದ ಬ್ಯಾರಿ ಲೆವಿನ್ಸನ್! ಫೋನ್, ಸಿಸಿಟಿವಿ ದೃಶ್ಯಗಳನ್ನು ಜೋಡಿಸಿದ ಹಾಗಿದೆ. ಅದಕ್ಕೇ ಮೊದಲ ಸಲ ನೋಡಿದಾಗ ನಿಜ ಅನ್ನಿಸಿದ್ದು. ನಟನೆ ಮಾತ್ರ ಸಪ್ಪೆ.

ನನ್ನನ್ನು ಜಾಸ್ತಿ ಹೆದರಿಸಿದ್ದು ಬೇರೆ. ಅಂಥ ಜೀವಿ ನಿಜಕ್ಕೂ ಇದೆ, ಹೆಸರು ಸಿಮೋಥೋವಾ ಎಕ್ಸಿಗುವಾ. ಕಿವಿರಿನಿಂದ ಮೀನಿನ ಬಾಯಿಗೆ ನುಗ್ಗಿ ನಾಲಿಗೆಯ ರಕ್ತ ಹೀರುತ್ತದೆ. ನಾಲಿಗೆ ಬಾಡಿ ಉದುರಿದ ಮೇಲೆ, ಆ ಜಾಗದಲ್ಲಿ ತಾನೇ ನಾಲಿಗೆಯಾಗಿ ಕೂರುತ್ತದೆ. ಮನುಷ್ಯರ ತಂಟೆಗೆ ಬರುವುದು ಸಿನಿಮಾದಲ್ಲಷ್ಟೇ.

ಆದರೂ ಭಾನುವಾರ ಮನೆಗೆ ಬಂಗುಡೆ ಬಂದಾಗ ಒಂದೊಂದರ ಬಾಯಿ ಬಿಡಿಸಿ ನೋಡಿದೆ. ಮಂಗಳೂರಿನ ಹೆಂಡತಿ ಕೇಳಿದಳು: “ಎಂಥ ಮಾರಾಯ್ರೆ, ಮೀನಿಗೆ ಹಲ್ಲುನೋವಾ?”